ತಾಳಮದ್ದಳೆಯನ್ನು ನಗರಗಳ ಕಥಾ ಉತ್ಸವದಲ್ಲಿ 'ಕಥೆ ಹೇಳುವ ಕಲೆ' ಎಂದು ಸೇರಿಸಬಹುದೇ?

ಸೇರಿಸಬಹುದು, ಆದರೆ ಹೆಸರು ಪೂರ್ತಿ ಹೊಂದುವುದಿಲ್ಲ. ತಾಳಮದ್ದಳೆಯೆಂದರೆ ಹಾಡು ಮತ್ತು ಮಾತಿನಿಂದಲೇ ಕುಳಿತು ನಡೆಸುವ ಯಕ್ಷಗಾನ; ಅದರಲ್ಲಿ ಒಂದೊಂದು ಪಾತ್ರದ ಮಾತನ್ನು ಒಬ್ಬೊಬ್ಬ ಅರ್ಥಧಾರಿ ಆಡುತ್ತಾನೆ. ಕಥೆ ಹೇಳುವ ಕಲೆಯಲ್ಲಾದರೋ ಕಥೆಗಾರನು ಎಲ್ಲ ಪಾತ್ರಗಳನ್ನೂ ತಾನೊಬ್ಬನೇ ನಿರ್ವಹಿಸುತ್ತಾನೆ. ಆ ದೃಷ್ಟಿಯಿಂದ ಹರಿಕಥೆಯೇ ಆ ಹೆಸರಿಗೆ ಹತ್ತಿರ. ತಾಳಮದ್ದಳೆಯಲ್ಲಿ ಕಥೆ ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತದೆ, ಅವರು ಕಾಯುವುದು ವಾದಕ್ಕಾಗಿ.

ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಾದ ಕಾಸರಗೋಡಿನಲ್ಲಿ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಬಳಿಕ, ಮಳೆಗಾಲದ ಸಂಜೆಗಳಲ್ಲಿ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ವೇಷವೂ ಕುಣಿತವೂ ಇಲ್ಲದೆ ಈ ಕೂಟಗಳು ನಡೆಯುತ್ತವೆ. 'ವಾಲಿವಧೆ'ಯನ್ನೇ ನೋಡಿ: ಹಾಡುಗಾರರಾದ ಭಾಗವತರು ನಾಲ್ಕು ಸಾಲಿನ ಪದ್ಯವನ್ನು ಹಾಡಿ ಮುಗಿಸುತ್ತಾರೆ, ಮದ್ದಳೆ ನಿಲ್ಲುತ್ತದೆ, ಹೆಗಲ ಶಾಲನ್ನು ಸರಿಪಡಿಸಿಕೊಂಡ ವಾಲಿಯ ಅರ್ಥಧಾರಿಯು ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮವೆಂದು ರಾಮನನ್ನು ಪ್ರಶ್ನಿಸತೊಡಗುತ್ತಾನೆ. ಪದ್ಯ ಪ್ರಸಂಗದ್ದು, ಅಂದರೆ ಬರೆದಿಟ್ಟ ಯಕ್ಷಗಾನ ಕೃತಿಯದ್ದು; ಮಾತು ಮಾತ್ರ ಆ ಕ್ಷಣದ್ದು, ಬರೆದಿಟ್ಟದ್ದಲ್ಲ. ಎದುರಿನ ರಾಮನು ಏನು ಉತ್ತರಿಸುತ್ತಾನೆಂದು ವಾಲಿಗೂ ತಿಳಿದಿರುವುದಿಲ್ಲ. ವಾದದಲ್ಲಿ ವಾಲಿ ಗೆದ್ದಂತೆ ತೋರಿದರೂ ಕಥೆಯ ಪ್ರಕಾರ ಅವನು ಸಾಯಲೇಬೇಕು. ಈ ಇಕ್ಕಟ್ಟಿನಲ್ಲೇ ಕಲೆಯ ಸೊಗಸಿದೆ ಎಂಬುದು ನನ್ನ ಅಭಿಪ್ರಾಯ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಇಂಥ ವಾದಕ್ಕೇ ಹೆಸರಾಗಿದ್ದವರು.

ಆದ್ದರಿಂದ ಸಂಘಟಕರು ಒಬ್ಬರೇ ಅರ್ಥಧಾರಿಯನ್ನು ಕರೆದು ಹದಿನೈದು ನಿಮಿಷ ಕೊಡುವುದಕ್ಕಿಂತ, ಹಿಮ್ಮೇಳದೊಂದಿಗೆ (ಭಾಗವತರು ಮತ್ತು ವಾದ್ಯದವರು) ಇಬ್ಬರನ್ನು ಕರೆದು ಕನಿಷ್ಠ ಎರಡು ಗಂಟೆ ಬಿಟ್ಟುಕೊಡುವುದು ಲೇಸು.