‘ಲೈಕ್’ ಕಂಡಲ್ಲೆಲ್ಲ ಸಿಮಿಲಿ ಅಲ್ಲ

ಪ್ರಶ್ನೆ: ಮಗಳು ಮಹಾರಾಷ್ಟ್ರದ ಡೊಂಬಿವಲಿಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ 8ನೇ ತರಗತಿ. ಸಿಮಿಲಿ, ಮೆಟಫರ್, ನೌನ್, ವರ್ಬ್ ಎಲ್ಲದರ ವ್ಯಾಖ್ಯೆಯೂ ಬಾಯಿಪಾಠ. ಆದರೂ ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾಳೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮನೆಯಲ್ಲಿ ಹೇಳಿಕೊಡಬಹುದೇ?

ಉತ್ತರ: ಖಂಡಿತ ಹೇಳಿಕೊಡಿ. ನೀವು ಕಲಿತ ಉಪಮಾಲಂಕಾರವೇ ಸಿಮಿಲಿ. ‘ದಿ ಟ್ರೇನ್ ರೋರ್ಡ್ ಲೈಕ್ ಎ ಲಯನ್’ ವಾಕ್ಯದಲ್ಲಿ ಟ್ರೇನ್ ಉಪಮೇಯ, ಸಿಂಹ ಉಪಮಾನ, ಗರ್ಜನೆ ಸಮಾನಧರ್ಮ; ನಮ್ಮ ‘ಅಂತೆ’, ‘ಹಾಗೆ’ಗಳ ಕೆಲಸ ‘ಲೈಕ್’ನದು. ಮರಾಠಿ ವ್ಯಾಕರಣದಲ್ಲೂ ಉಪಮೇಯ, ಉಪಮಾನ ಎಂದೇ ಹೇಳುವುದರಿಂದ ಮಗಳಿಗೆ ಇವು ಅಪರಿಚಿತವಾಗಲಾರವು.

‘ಲೈಕ್’, ‘ಆ್ಯಸ್’ ಕಂಡ ಕೂಡಲೇ ಸಿಮಿಲಿ ಎಂದು ಬರೆಯುವಲ್ಲೇ ಮಕ್ಕಳು ಎಡವುವುದು. ‘ಐ ಲೈಕ್ ಮ್ಯಾಂಗೋಸ್’ ಎಂಬಲ್ಲಿ ಲೈಕ್ ಎಂದರೆ ಇಷ್ಟ. ‘ಹೀ ವರ್ಕ್ಸ್ ಆ್ಯಸ್ ಎ ಡ್ರೈವರ್’ ಎಂಬಲ್ಲಿ ಹೋಲಿಕೆಯೇ ಇಲ್ಲ. ‘ಶೀ ಲುಕ್ಸ್ ಲೈಕ್ ಹರ್ ಸಿಸ್ಟರ್’ ಸ್ವಲ್ಪ ನಾಜೂಕಿನದು: ಹೋಲಿಕೆ ಇದೆ, ಆದರೆ ಇಬ್ಬರೂ ಮನುಷ್ಯರು, ಮಾತು ವಾಸ್ತವದ್ದು. ಬೇರೆ ಬೇರೆ ಬಗೆಯ ಎರಡು ವಸ್ತುಗಳನ್ನು ಕಲ್ಪನೆಯಿಂದ ಹೋಲಿಸಿದಾಗಲೇ ಅಲಂಕಾರ. ಆದ್ದರಿಂದ ಉತ್ತರ ಬರೆಯುವ ಮೊದಲು ‘ಯಾವುದನ್ನು, ಯಾವುದಕ್ಕೆ, ಯಾವ ಗುಣದಲ್ಲಿ’ ಎಂದು ಮೂರು ಪ್ರಶ್ನೆ ಕೇಳಿಸಿ. ವಿವರಿಸಿ ಎಂದಿದ್ದರೆ ಅವೇ ಮೂರು ಉತ್ತರಗಳನ್ನು ಬರೆಯಲಿ.

‘ಲೈಕ್’ ತೆಗೆದು ‘ದಿ ಟ್ರೇನ್ ಈಸ್ ಎ ರೋರಿಂಗ್ ಲಯನ್’ ಎಂದರೆ ರೂಪಕ, ಅಂದರೆ ಮೆಟಫರ್. ಟ್ರೇನ್ ಗೊಣಗಿತು ಎಂದರೆ ಮನುಷ್ಯನ ಗುಣ ಬಂತು. ಅದು ಪರ್ಸಾನಿಫಿಕೇಶನ್, ಮರಾಠಿಯ ಚೇತನಗುಣೋಕ್ತಿ.

ನೌನ್, ವರ್ಬ್ ಗೊಂದಲಕ್ಕೆ ಕಾರಣ ಬೇರೆ. ಕನ್ನಡದಲ್ಲಿ ‘ರಾಮ ಹುಲಿಯನ್ನು ಕೊಂದ’ ಎನ್ನಿ, ‘ಹುಲಿಯನ್ನು ರಾಮ ಕೊಂದ’ ಎನ್ನಿ, ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಬಹುಪಾಲು ಪದದ ಜಾಗದ್ದು. ‘ಗಿವ್ ಮಿ ವಾಟರ್’ ಎಂಬಲ್ಲಿ ವಾಟರ್ ನೌನ್, ‘ವಾಟರ್ ದಿ ಪ್ಲಾಂಟ್ಸ್’ ಎಂಬಲ್ಲಿ ವರ್ಬ್. ಒಂಟಿ ಪದ ತೋರಿಸಿ ‘ಇದೇನು’ ಎಂದು ಕೇಳಲೇಬೇಡಿ. ವಾಕ್ಯ ಕೊಟ್ಟು ಕೇಳಿ. ಆ ವಾಕ್ಯವನ್ನು ನಿನ್ನೆಗೆ ಬದಲಿಸಿದಾಗ ಪದವೂ ‘ವಾಟರ್ಡ್’ ಎಂದು ಬದಲಾದರೆ ವರ್ಬ್.

ಅಲಿಟರೇಶನ್‌ಗೆ ಮಾತ್ರ ನಮ್ಮ ಲಿಪಿಯೇ ಒರೆಗಲ್ಲು. ಅದು ಪದದ ಆರಂಭದ ಧ್ವನಿಯ ಪುನರಾವರ್ತನೆ, ಸ್ಪೆಲ್ಲಿಂಗಿನದಲ್ಲ. ನೈಫ್, ಕೈಟ್ ಎರಡರ ಸ್ಪೆಲ್ಲಿಂಗೂ ‘ಕೆ’ಯಿಂದ ಶುರು, ಆದರೆ ಧ್ವನಿ ಒಂದಲ್ಲ. ಸಂಶಯ ಬಂದ ಪದಗಳನ್ನು ಕನ್ನಡದಲ್ಲಿ ಬರೆಸಿ: ನೈಫ್, ನೈಟ್, ನೋಸ್. ಮೊದಲ ವ್ಯಂಜನ ಒಂದೇ ಎಂಬುದು ಕಣ್ಣಿಗೇ ಕಾಣುತ್ತದೆ.