ಕೌನ್ಸಿಲ್ ಅಂದ್ರ ಡಿಸಿ ಆಫೀಸ್ ಅಲ್ಲ, ತಮ್ಮಾ

ನೀ ಕೇಳಿದ್ದು ಇಷ್ಟು: ಸ್ಕಿಲ್ಡ್ ವರ್ಕರ್ ವೀಸಾದ ಮ್ಯಾಲ ಹೆಂಡ್ತಿ ಜೋಡಿ ಕಲಬುರಗಿಯಿಂದ ಇಂಗ್ಲೆಂಡ್‌ನ ಲೆಸ್ಟರ್‌ಗೆ ಬರ್ಲಾಕತ್ತಿದಿ, ಕೊರೊನಾದಂಥದ್ದು ಮತ್ತ ಬಂದ್ರ ಇಲ್ಲಿ ಕೌನ್ಸಿಲ್, ಅಂದ್ರ ನಮ್ಮ ಮಹಾನಗರ ಪಾಲಿಕೆಯಂಥ ಊರಿನ ಆಡಳಿತ, ಏನ್ ಮಾಡ್ತದ, ಬಂದ್ ಹ್ಯಾಂಗ ತೆಗೀತಾರ, ವೀಸಾದವರಿಗೆ ಏನರ ಸಿಗ್ತದೇನು?

ಮೊದಲ ಊರಿನ ಲೆಕ್ಕ ತಲೀಯಿಂದ ತೆಗಿ. 2020ರ ಮಾರ್ಚ್‌ನಾಗ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯೊಳಗ ಆದಾಗ ಎಲ್ಲರೂ ಡಿಸಿ ಆದೇಶದ ಕಡೆ ನೋಡಿದ್ರು. ಇಲ್ಲಿ ಡಿಸಿ ಅನ್ನೋ ಹುದ್ದೆನೇ ಇಲ್ಲ. ಲಾಕ್‌ಡೌನ್ ಹಾಕಿದ್ದೂ ತೆಗೆದಿದ್ದೂ ಲಂಡನ್‌ನ ಸರಕಾರ. ಕಸ, ತೆರಿಗೆ, ಮುದುಕರ ಆರೈಕೆ, ಹೋಟೆಲ್ ತಪಾಸಣೆ, ಸಣ್ಣ ಅಂಗಡಿಗೆ 10,000 ಪೌಂಡ್ ಅನುದಾನ ಹಂಚೋದು, ಇವು ಕೌನ್ಸಿಲ್ ಪಾಲಿಗೆ ಬಂದವು. 2020ರ ಜುಲೈ 18ರಿಂದ ಒಂದೊಂದು ಅಂಗಡಿ, ಕಾರ್ಯಕ್ರಮ, ಪಾರ್ಕ್ ಮುಚ್ಚಿಸೋ ಅಧಿಕಾರನೂ ಅದಕ ಸಿಕ್ತು. ಇಡೀ ಊರು ಮುಚ್ಚಿಸೋದು ಅದರ ಕೈಯಾಗ ಇರಲಿಲ್ಲ.

ಲೆಸ್ಟರ್‌ನೇ ನೋಡು. ಊರಿಗೊಂದೇ ಲಾಕ್‌ಡೌನ್ ಮೊದಲ ಬಿದ್ದದ್ದು ಇಲ್ಲೇ. 2020ರ ಜೂನ್ 29ಕ್ಕ ಆರೋಗ್ಯ ಸಚಿವರು ಪಾರ್ಲಿಮೆಂಟ್‌ನಾಗ ಘೋಷಣಾ ಮಾಡಿದ್ರು. ಜುಲೈ 4ಕ್ಕ ಉಳಿದ ಇಂಗ್ಲೆಂಡ್‌ನಾಗ ಹೋಟೆಲ್, ಕಟಿಂಗ್ ಅಂಗಡಿ ತೆರೆದ್ರ ಇಲ್ಲಿ ಬಂದ್. ಗಡಿ ಊರಿನ ಗಡಿಯಷ್ಟೇ ಆಗಿರಲಿಲ್ಲ. ಓಡ್ಬಿ, ವಿಗ್‌ಸ್ಟನ್‌ನಂಥ ಆಜೂಬಾಜೂ ಊರೂ ಒಳಗ ಬಂದವು. ಅದಕ, ಮನಿ ಪೋಸ್ಟ್‌ಕೋಡ್ ಬಾಯಿಪಾಠ ಇರಲಿ. ಆಮ್ಯಾಲ ಟಿಯರ್ ಪದ್ಧತಿ, ಅಂದ್ರ ರೋಗ ಎಷ್ಟದ ನೋಡಿ ಊರೂರಿಗೆ ಬ್ಯಾರೆ ಬ್ಯಾರೆ ಮಟ್ಟದ ನಿಯಮ, ಬಂದಾಗ ಸರಕಾರದ ವೆಬ್‌ಸೈಟ್‌ನಾಗ ಪೋಸ್ಟ್‌ಕೋಡ್ ಹಾಕಿನೇ ನಿಯಮ ನೋಡಬೇಕಿತ್ತು. ವೇಲ್ಸ್, ಸ್ಕಾಟ್‌ಲೆಂಡ್ ನಿಯಮ ಬ್ಯಾರೆ. ಅಲ್ಲಿರೋ ಗೆಳೆಯ ಹೇಳಿದ್ದು ನಿಂಗ ಲಾಗೂ ಆಗಂಗಿಲ್ಲ.

ಬಂದ್ ತೆಗೆಯೋದು ಹಂತಹಂತವಾಗಿ. 2021ರ ಫೆಬ್ರವರಿ 22ರ ಯೋಜನಾದಾಗ ನಾಲ್ಕು ಹಂತ, ನಡುವ ಕಡಿಮೆ ಅಂದ್ರ ಐದು ವಾರ: ನಾಲ್ಕು ವಾರ ಅಂಕಿ ನೋಡ್ಲಿಕ್ಕೆ, ಒಂದು ವಾರ ಜನರಿಗೆ ತಯಾರಿಗೆ. ಏಪ್ರಿಲ್ 12ಕ್ಕ ಅಂಗಡಿ, ಮೇ 17ಕ್ಕ ಹೋಟೆಲ್ ಒಳಗ ಕೂತು ಉಣ್ಣೋದು. ಕೊಟ್ಟ ತಾರೀಖಿನ ಅರ್ಥ "ಅದಕ್ಕಿಂತ ಮೊದಲ ಇಲ್ಲ" ಅಂತ, "ಅವತ್ತೇ" ಅಂತಲ್ಲ. ಕೊನೇ ಹಂತ ಜೂನ್ 21ರಿಂದ ಜುಲೈ 19ಕ್ಕ ಜಾರ್ತು. ಆ ತಾರೀಖು ನಂಬಿ ಹಾಲ್‌ಗೆ ಅಡ್ವಾನ್ಸ್ ಕೊಟ್ಟವರು ಪೇಚಾಡಿದ್ರು. ಮೇ 17ರ ಹಂತದಾಗ ಮದುವಿಗೆ 30 ಮಂದಿ ಅಷ್ಟೇ. ನಮ್ಮ ಕಡೆ ಅಷ್ಟು ಮಂದಿ ಬೀಗರ ಮನಿಯಿಂದನೇ ಬರ್ತಾರ. ಇನ್ನೊಂದು, "ಮಸ್ಟ್" ಅಂತ ಬರೆದಿದ್ರ ಸಾಮಾನ್ಯವಾಗಿ ಕಾನೂನು, ದಂಡ ಬೀಳ್ತದ. "ಶುಡ್" ಅಂದ್ರ ಸಲಹಾ.

ಈಗ ರೊಕ್ಕದ ಮಾತು, ವೀಸಾದವರು ತಪ್ಪೋದು ಇಲ್ಲೇ. ನಿನ್ನ ವೀಸಾದಾಗ "ಪಬ್ಲಿಕ್ ಫಂಡ್ಸ್ ಇಲ್ಲ" ಅಂತ ಷರತ್ತು ಇರ್ತದ, ಅಂದ್ರ ಸರಕಾರ ಪಟ್ಟಿ ಮಾಡಿದ ಸಹಾಯಧನ ತಗೊಳ್ಳಂಗಿಲ್ಲ. ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ (ಕಡಿಮಿ ಆದಾಯದವರಿಗೆ ಕೌನ್ಸಿಲ್‌ನ ಮನಿ ತೆರಿಗೆಯೊಳಗ ಕಡಿತ), ಹೌಸಿಂಗ್ ಬೆನಿಫಿಟ್ (ಬಾಡಿಗಿ ಸಹಾಯ), ಯೂನಿವರ್ಸಲ್ ಕ್ರೆಡಿಟ್ (ಕಡಿಮಿ ಆದಾಯದವರಿಗೆ ತಿಂಗಳ ಸಹಾಯ) ಆ ಪಟ್ಟಿಯೊಳಗ ಅವ. ತಗೊಂಡ್ರ ಮುಂದ ವೀಸಾಕ್ಕ ಕುತ್ತು. 2020ರಾಗ ಕೌನ್ಸಿಲ್ ಟ್ಯಾಕ್ಸ್‌ನಾಗ 150 ಪೌಂಡ್ ಕಡಿತ ಸಿಕ್ಕಿದ್ದು ಆ ಟ್ಯಾಕ್ಸ್ ರಿಡಕ್ಷನ್ ಪಡೀತಿದ್ದವರಿಗೆ, ವೀಸಾದವರಿಗೆ ಅದು ದೂರದ ಮಾತು. ಆದ್ರ ಫರ್ಲೋ, ಅಂದ್ರ ಕೊರೊನಾದಾಗ ಕೆಲಸ ನಿಂತವರಿಗೆ ಸರಕಾರ ಕೊಟ್ಟ ಪಗಾರದ ಶೇ. 80, ತಿಂಗಳಿಗೆ ಹೆಚ್ಚಂದ್ರ 2,500 ಪೌಂಡ್, ಕಂಪನಿ ಮೂಲಕ ಬರ್ತಿತ್ತು. ಅದು ಪಬ್ಲಿಕ್ ಫಂಡ್ ಅಲ್ಲ. ಅನಾರೋಗ್ಯ ರಜಾದ ಸ್ಟ್ಯಾಚುಟರಿ ಸಿಕ್ ಪೇನೂ ಅಲ್ಲ. ಹೊಸಾ ಯೋಜನಾ ಯಾವುದೇ ಬರಲಿ, ಅರ್ಜಿಗೆ ಮೊದಲ "ಇದು ಪಬ್ಲಿಕ್ ಫಂಡ್ಸ್ ಲೆಕ್ಕಕ್ಕ ಬರ್ತದೇನು" ಅಂತ ಕೌನ್ಸಿಲ್‌ಗೆ ಈಮೇಲ್ ಹಾಕು, ಉತ್ತರ ಇಟ್ಕೋ. ಫೋನ್ ಮಾತಿಗೆ ಸಾಕ್ಷಿ ಇರಂಗಿಲ್ಲ.

ರೋಗ ಇರಲಿ ಬಿಡಲಿ, ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂದೇ ಬರ್ತದ. ಮನಿ ಕೀಲಿ ಸಿಕ್ಕ ವಾರದಾಗ ಕೌನ್ಸಿಲ್‌ನಾಗ ಹೆಸರು ಹಚ್ಚು. ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿ ತನಕ 10 ಕಂತು. ಕೇಳಿದ್ರ 12 ಮಾಡಿಕೊಡ್ತಾರ. ಒಂದು ಕಂತು ತಪ್ಪಿದ್ರ ರಿಮೈಂಡರ್ ಬರ್ತದ, 7 ದಿನದಾಗ ಕಟ್ಟಬೇಕು. ಕಟ್ಟಲಿಲ್ಲಂದ್ರ ಇನ್ನೊಂದು ವಾರಕ್ಕ ಇಡೀ ವರ್ಷದ ಬಾಕಿ ಒಮ್ಮೆಲೆ ಮೈಮ್ಯಾಲ, ಆಮ್ಯಾಲ ಕೋರ್ಟ್ ಸಮನ್ಸ್, ಅದರ ಖರ್ಚೂ ನಿಂದೇ. 2020ರಾಗ ಭಾಳ ಕೌನ್ಸಿಲ್‌ಗಳು ಕಂತು ಜೂನ್‌ಗೆ ಮುಂದೂಡಿದ್ವು, ಆದ್ರ ಅದು ಮಾಫಿ ಅಲ್ಲ, ಅದೇ ರೊಕ್ಕ ಮುಂದಿನ ತಿಂಗಳಿಗೆ ಹೋಯ್ತು ಅಷ್ಟೇ. ಹೆಂಡ್ತಿ ಬರೋದು ಹಿಂದ ಬಿದ್ದು ಅಲ್ಲೀತನಕ ನೀ ಒಬ್ಬನೇ ಇದ್ರ 25% ರಿಯಾಯ್ತಿ ಕೇಳು, ಅದು ಪಬ್ಲಿಕ್ ಫಂಡ್ ಅಲ್ಲ. ಆಕಿ ಬಂದ ಕೂಡಲೇ ತಿಳಿಸು.

ಆ ಬಿಲ್ ಜೋಪಾನ ಇಡು. ವಿಳಾಸದ ಪುರಾವೆಗೆ ನಡೀತದ. ಜಿಪಿ, ಅಂದ್ರ ಓಣಿ ಡಾಕ್ಟರ್, ಹತ್ರ ಹೆಸರು ಹಚ್ಚಲಿಕ್ಕೆ ಮಾತ್ರ ಅದೂ ಬ್ಯಾಡ, ವೀಸಾ ಕಾಗದನೂ ಬ್ಯಾಡ. ಕೌಂಟರ್‌ನಾಗ ಕೇಳಿದ್ರ ನಿಯಮ ಹಂಗಿಲ್ಲ ಅಂತ ಸಮಾಧಾನದಿಂದ ಹೇಳು. ಮತದಾರ ಪಟ್ಟಿಗೂ ಹೆಸರು ಹಾಕು: ಭಾರತ ಕಾಮನ್‌ವೆಲ್ತ್ ದೇಶ, ಅದಕ ಇಲ್ಲಿ ಕೌನ್ಸಿಲರ್ ಚುನಾವಣಾದಾಗ ನಿಂಗ ಮತ ಹಾಕೋ ಹಕ್ಕದ. ಕಸ ಎತ್ತಲಿಲ್ಲ ಅಂತ ಕೌನ್ಸಿಲರ್‌ಗೆ ಈಮೇಲ್ ಹಾಕುವಾಗ ಪೋಸ್ಟ್‌ಕೋಡ್ ಬರೀಲಿಕ್ಕೆ ಮರೀಬ್ಯಾಡ.