ಆನೆ ಈಜುತ್ತದೆ, ಆದರೆ ಹೊಂಡದ ಮಾತು ಬೇರೆ

ಆನೆಗೆ ಈಜು ಬರುತ್ತದೆಯೇ ಎಂದು ನೀವು ಕೇಳಿದಿರಿ. ಈಜುತ್ತದೆ, ಚೆನ್ನಾಗಿಯೇ ಈಜುತ್ತದೆ. ನಮ್ಮದು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಊರು. ಒಂದು ಮಗ್ಗುಲಿಗೆ ತಮಿಳುನಾಡು, ಇನ್ನೊಂದು ಮಗ್ಗುಲಿಗೆ ಆಂಧ್ರ. ಅಲ್ಲಿನ ಕಾಡುಗಳಿಂದ ಆನೆಗಳು ಬಂದ ರಾತ್ರಿ ಒಂದೇ ಬೀದಿಯಲ್ಲಿ ‘ಆನೆ’, ‘ಏನುಗು’, ‘ಯಾನೈ’ ಎಂಬ ಮೂರು ಕೂಗೂ ಏಳುತ್ತವೆ. ರಾಗಿ ಹೊಲ ಕಾಯುವವರಿಗೆ ಮೂರೂ ಅರ್ಥವಾಗುತ್ತವೆ.

ಅಷ್ಟು ಭಾರದ ಪ್ರಾಣಿ ಮುಳುಗುವುದಿಲ್ಲವೇ ಎಂದೂ ಕೇಳಿದಿರಿ. ಒಂದು ಮುಂಜಾನೆ ಕೆರೆ ಏರಿಯ ಮೇಲೆ ನಿಂತು ನಾನೂ ಹಾಗೆಯೇ ಹೆದರಿದ್ದೆ. ಹಿಂದಿನಿಂದ ಜನ ಪಟಾಕಿ ಹಚ್ಚಿದ್ದರು, ಒಂಟಿ ಸಲಗ ನೀರಿಗಿಳಿಯಿತು. ಮೊದಲು ಬೆನ್ನು ಮರೆಯಾಯಿತು, ಆಮೇಲೆ ನೆತ್ತಿ. ಕೊನೆಗೆ ಉಳಿದದ್ದು ಸೊಂಡಿಲ ತುದಿ, ಅದರಿಂದ ಬುಸ್ಸೆಂದು ಹೊರಡುವ ಉಸಿರು. ಸ್ವಲ್ಪ ಹೊತ್ತಿಗೆ ಆಚೆ ದಡದಲ್ಲಿ ಮೈಯಿಂದ ನೀರು ಸುರಿಸುತ್ತ ನಿಂತಿತ್ತು.

ಬೇರೆ ಸಸ್ತನಿಗಳಿಗೆ ಶ್ವಾಸಕೋಶ ಮತ್ತು ಎದೆಗೂಡಿನ ನಡುವೆ ತೆಳುವಾದ ದ್ರವದ ಎಡೆಯಿರುತ್ತದೆ. ಆನೆಗೆ ಮಾತ್ರ ಅಲ್ಲಿ ನಾರಿನಂಥ ಅಂಗಾಂಶ ತುಂಬಿದೆ. ಮೈಯೆಲ್ಲ ನೀರಡಿಯಲ್ಲಿದ್ದು ಮೇಲಿನ ಗಾಳಿ ಎಳೆಯುವಾಗ ಬೀಳುವ ಒತ್ತಡವನ್ನು ಅದು ತಾಳಿಕೊಳ್ಳುವುದು ಇದರಿಂದಲೇ ಎಂಬುದು ಶರೀರಶಾಸ್ತ್ರಜ್ಞರ ವಿವರಣೆ. 2017ರಲ್ಲಿ ಶ್ರೀಲಂಕಾದ ನೌಕಾಪಡೆ ದಡದಿಂದ ಸುಮಾರು 8 ಕಿ.ಮೀ. ದೂರದ ಸಮುದ್ರದಲ್ಲಿ ಸೊಂಡಿಲೆತ್ತಿಕೊಂಡು ತೇಲುತ್ತಿದ್ದ ಆನೆಯೊಂದನ್ನು ಹಗ್ಗ ಕಟ್ಟಿ ದಡಕ್ಕೆ ತಂದಿತ್ತು.

ಆದ್ದರಿಂದ ನಮ್ಮ ಭಯ ಕೆರೆಯದ್ದಲ್ಲ, ಕೃಷಿ ಹೊಂಡದ್ದು. ನೀರು ಇಂಗಿಹೋಗದಂತೆ ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. ಮಳೆ ಕಡಿಮೆಯಾದ ಈ ಸೀಮೆಗೆ ಅದು ಬೇಕೇ ಬೇಕು. ಆದರೆ ಹಾಳೆ ಜಾರುವುದರಿಂದ ಅದರೊಳಗೆ ಬಿದ್ದವರಿಗೆ ಮೇಲೆ ಹತ್ತಲು ಕಾಲೂರುವ ಜಾಗವಿಲ್ಲ. ಎಮ್ಮೆಗಿಂತ ಚೆನ್ನಾಗಿ ಈಜುವ ಸಾಕುಪ್ರಾಣಿ ನಮ್ಮೂರಲ್ಲಿಲ್ಲ. ನಮ್ಮ ಎಮ್ಮೆ ಸತ್ತದ್ದು ಅಂಥ ಹೊಂಡದಲ್ಲೇ. ಬೆಳಿಗ್ಗೆ ನೋಡಿದರೆ ನೀರಿನ ಅಂಚಿನ ಸುತ್ತಲೂ ಕಪ್ಪು ಹಾಳೆಯ ಮೇಲೆ ಗೊರಸಿನ ಬಿಳಿ ಗೀರುಗಳು. ಪಾಪ, ರಾತ್ರಿಯೆಲ್ಲ ಸುತ್ತು ಹಾಕಿತ್ತು.

ಈಗ ಒಂದು ಮೂಲೆಯಲ್ಲಿ ಮಣ್ಣಿನ ಚೀಲ ಜೋಡಿಸಿ ಇಳಿಜಾರು ಮಾಡಿದ್ದೇವೆ, ಸುತ್ತ ಬೇಲಿಯೂ ಇದೆ. ಬೇಲಿಯನ್ನು ಆನೆ ಲೆಕ್ಕಕ್ಕಿಡುವುದಿಲ್ಲ. ಇಳಿಜಾರು ಅದಕ್ಕೂ ಸಾಲುವಷ್ಟು ಅಗಲವಿರಲಿ ಎಂದು ಅಪ್ಪ ಇನ್ನೊಂದು ಸಾಲು ಚೀಲ ಇಡಿಸಿದರು.